ತಕ್ಕಡಿ ಹೇಳುವ ಕಣ್ಣಿನ ಸುದ್ದಿ

ದಾವಣಗೆರೆ ಕಡೆಯ ಹಳ್ಳಿಯೊಂದರಿಂದ ಪದವಿ ಓದುತ್ತಿರುವ ಹುಡುಗಿಯೊಬ್ಬಳು ಬರೆದ ಪತ್ರ ಮೊನ್ನೆ ಕೈಸೇರಿತು. ಅವಳ ಅಕ್ಕನಿಗೆ ಏಳು ತಿಂಗಳಿಗೇ ಹೆರಿಗೆಯಾಗಿದೆ. ಹುಟ್ಟಿದಾಗ ಕೂಸಿನ ತೂಕ ಒಂದು ಕಿಲೋ ನಾನೂರು ಗ್ರಾಂ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ 18 ದಿನ ಇದ್ದು ಈಗ ಮನೆಗೆ ಬಂದಿದೆ. ಬಿಡುಗಡೆಯ ಚೀಟಿಯ ಕೊನೆಯಲ್ಲಿ ವೈದ್ಯರು ಒಂದು ಸಾಲು ಬರೆದಿದ್ದಾರೆ: 30 ದಿನದೊಳಗೆ ಕಣ್ಣು ಪರೀಕ್ಷೆ ಮಾಡಿಸಿ. ಮನೆಯ ಅಜ್ಜಿಗೆ ಇದು ಒಪ್ಪಿಗೆಯಿಲ್ಲ. 'ಕಣ್ಣು ಮುತ್ತಿನ ಹಾಗಿವೆ, ಹಾಲು ಕುಡೀತಿದೆ, ಇನ್ನೇನು ರೋಗ? ನಲವತ್ತು ದಿನ ತುಂಬೋವರೆಗೆ ಬಾಣಂತಿ, ಕೂಸು ಹೊಸ್ತಿಲು ದಾಟಕೂಡದು' ಎಂಬುದು ಅವರ ತೀರ್ಪು. ಪತ್ರದ ಪ್ರಶ್ನೆ ಇಷ್ಟೆ: ಕೂಸಿನ ಕಣ್ಣಿಗೆ ಬಲ ಬರಲು ಯಾವ ಟಾನಿಕ್ ಒಳ್ಳೆಯದು? ಅಕ್ಕ ಕ್ಯಾರೆಟ್ ತಿಂದರೆ ಸಾಕೇ?

ಪತ್ರದಲ್ಲಿದ್ದ ತಾರೀಖು ಲೆಕ್ಕ ಹಾಕಿದೆ. ಕೂಸಿಗೆ ಅಂದಿಗೆ 24 ದಿನ. ಅಂಕಣದಲ್ಲಿ ಉತ್ತರ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ, ಕೆಳಗೆ ಬರೆದಿದ್ದ ನಂಬರಿಗೆ ಆಗಲೇ ಫೋನ್ ಮಾಡಿ ಹೇಳಬೇಕಾದ್ದನ್ನು ಹೇಳಿದೆ. ಆದರೆ ಇಂಥ ಪ್ರಶ್ನೆ ಆ ಒಂದು ಮನೆಯದ್ದಲ್ಲ. ಹಾಗಾಗಿ ಈ ವಾರ ದಿನ ತುಂಬದ ಕೂಸುಗಳ ಕಣ್ಣು ಮತ್ತು ಹೊಟ್ಟೆಯ ಸಂಬಂಧವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಏಳು ತಿಂಗಳಿಗೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕುವುದಿಲ್ಲ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳಬಹುದು. ಇದು ಶುದ್ಧ ತಪ್ಪು. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಲಾಭವೇ. 28ನೇ ವಾರದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಇರುವ ಶಿಶು 40ನೇ ವಾರಕ್ಕೆ ಮೂರು ಕಿಲೋದ ಹತ್ತಿರ ಬರುತ್ತದೆ. ಅಂದರೆ ಕೊನೆಯ ಮೂರು ತಿಂಗಳಲ್ಲಿ ಅದು ತನ್ನನ್ನು ತಾನೇ ಮೂರು ಪಟ್ಟು ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಕ್ಕರೆ, ಪ್ರೋಟೀನು, ಕೊಬ್ಬು, ಕಬ್ಬಿಣ, ಸುಣ್ಣ ಎಲ್ಲವೂ ಮಾಸಿನ ಮೂಲಕ, ಹೊಕ್ಕುಳಬಳ್ಳಿಯ ದಾರಿಯಲ್ಲಿ, ಹಗಲು ರಾತ್ರಿ ಎನ್ನದೆ ಹರಿದು ಬರುತ್ತಿರುತ್ತವೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಈ ದಾಸೋಹ ಒಂದೇ ಕ್ಷಣದಲ್ಲಿ ನಿಂತುಹೋಗುತ್ತದೆ. ಕರುಳು ಇನ್ನೂ ಬಲಿತಿರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ವಿದ್ಯೆ ಸುಮಾರು 34 ವಾರಗಳವರೆಗೆ ಬಂದಿರುವುದಿಲ್ಲ.

ಇದಕ್ಕೂ ಕಣ್ಣಿಗೂ ಏನು ಸಂಬಂಧ?

ಕಣ್ಣಿನ ಹಿಂಭಾಗದಲ್ಲಿ ಒಳಗೋಡೆಗೆ ಅಂಟಿಕೊಂಡ ತೆಳುವಾದ ಪರದೆಯೊಂದಿದೆ. ಅದೇ ಅಕ್ಷಿಪಟಲ, ಅಂದರೆ ರೆಟಿನಾ. ಬೆಳಕು ಬಿದ್ದು ಚಿತ್ರ ಮೂಡುವ ಜಾಗ ಅದು. ಅದಕ್ಕೆ ಅನ್ನ ನೀರು ಪೂರೈಸುವ ರಕ್ತನಾಳಗಳು ಗರ್ಭದ 16ನೇ ವಾರದ ಸುಮಾರಿಗೆ ಕಣ್ಣಿನ ನರದ ಬುಡದಿಂದ ಹೊರಟು ನಿಧಾನವಾಗಿ ಅಂಚಿನತ್ತ ಹಬ್ಬುತ್ತವೆ. ಮೂಗಿನ ಕಡೆಯ ಅಂಚು ಮುಟ್ಟುವುದು 36ನೇ ವಾರಕ್ಕೆ, ಕಿವಿಯ ಕಡೆಯ ಅಂಚು ಮುಟ್ಟುವುದು ಹೆಚ್ಚುಕಡಿಮೆ 40ನೇ ವಾರಕ್ಕೆ. ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಭದ್ರಾ ನಾಲೆ ಇದ್ದ ಹಾಗೆ ಎಂದುಕೊಳ್ಳಿ. ನಾಲೆಯ ತೋಡಿಕೆ ಅರ್ಧದಲ್ಲಿ ನಿಂತರೆ ಕೊನೇ ಭಾಗದ ಹೊಲಗಳ ಗತಿ ಏನು?

ಏಳು ತಿಂಗಳಿಗೆ ಹುಟ್ಟಿದ ಕೂಸಿನಲ್ಲಿ ಆಗುವುದು ಅದೇ. ಹುಟ್ಟಿದೊಡನೆ ನಾಲೆಯ ಕೆಲಸ ನಿಲ್ಲುತ್ತದೆ. ಮೊದಲ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅಕ್ಷಿಪಟಲ ಮಾತ್ರ ಬೆಳೆಯುತ್ತಲೇ ಇರುತ್ತದೆ, ಅದರ ಹಸಿವೂ ಬೆಳೆಯುತ್ತದೆ. ರಕ್ತ ಕಾಣದ ಅಂಚಿನ ಭಾಗ ಕೂಗಿಡಲಾರಂಭಿಸುತ್ತದೆ. ಆ ಕೂಗು ಒಂದು ರಾಸಾಯನಿಕ, ಹೆಸರು ವಿಇಜಿಎಫ್. ರಕ್ತನಾಳಗಳನ್ನು ಬೆಳೆಸುವುದೇ ಅದರ ಕೆಲಸ. ಕೂಗು ಅತಿಯಾದಾಗ ಹೊಸ ನಾಳಗಳು ಬರುತ್ತವೆ ನಿಜ, ಆದರೆ ಗೊತ್ತುಗುರಿಯಿಲ್ಲದೆ. ಏರಿ ಒಡೆದು ಮಾಡಿಕೊಂಡ ಕಳ್ಳಗಾಲುವೆಗಳಂತೆ ಅವು ಎಲ್ಲೆಂದರಲ್ಲಿ ನುಗ್ಗುತ್ತವೆ, ಸೋರುತ್ತವೆ. ಕೊನೆಗೆ ಗಾಯದ ಕಲೆಯಂತೆ ಬಿಗಿದು ಅಕ್ಷಿಪಟಲವನ್ನೇ ಗೋಡೆಯಿಂದ ಕಿತ್ತು ಎಳೆಯುತ್ತವೆ. ಪೂರ್ತಿ ಕಿತ್ತುಬಂದರೆ ಕುರುಡು. ವೈದ್ಯರು ಈ ರೋಗವನ್ನು ಚುಟುಕಾಗಿ ಆರ್‌ಓಪಿ ಎನ್ನುತ್ತಾರೆ. ಹುಟ್ಟುವಾಗ ಇರದೆ, ಹುಟ್ಟಿದ ಮೇಲೆ ಬೆಳೆಯುವ ಕುರುಡು ಇದು. ಹೊರಗಿನಿಂದ ನೋಡಿದರೆ ಕಣ್ಣು ನಿಜಕ್ಕೂ ಮುತ್ತಿನ ಹಾಗೇ ಇರುತ್ತದೆ. ಅಜ್ಜಿಯ ಮಾತಿನಲ್ಲಿ ಅಷ್ಟು ಭಾಗ ಸರಿ.

ಇದರ ಚರಿತ್ರೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ವಿಜ್ಞಾನ ಒಳ್ಳೆಯ ಮನಸ್ಸಿನಿಂದಲೇ ಹೇಗೆ ಎಡವುತ್ತದೆ ಎಂಬುದಕ್ಕೆ ಇಷ್ಟು ಚೆನ್ನಾದ ಪಾಠ ಇನ್ನೊಂದು ಸಿಗಲಾರದು. 1942ರಲ್ಲಿ ಅಮೆರಿಕದ ಬಾಸ್ಟನ್ನಿನ ನೇತ್ರವೈದ್ಯ ಥಿಯೋಡರ್ ಟೆರಿ ಈ ರೋಗವನ್ನು ಮೊದಲು ವರ್ಣಿಸಿದ. ವಿಚಿತ್ರವೆಂದರೆ ಒಳ್ಳೆಯ ಆಸ್ಪತ್ರೆಗಳಿದ್ದ ಕಡೆಯೇ ಅದು ಹೆಚ್ಚು. ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರು. 1950ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಖ್ಯಾತ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬ. ಕಾರಣಕ್ಕಾಗಿ ವೈದ್ಯರು ತಡಕಾಡದ ಜಾಗವಿಲ್ಲ. ಹಸುವಿನ ಹಾಲೇ, ಕಬ್ಬಿಣವೇ, ವಿಟಮಿನ್ನುಗಳ ಕೊರತೆಯೇ ಎಂದೆಲ್ಲ ಅನುಮಾನಪಟ್ಟರು. 1951ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಮಕ್ಕಳ ತಜ್ಞೆ ಕೇಟ್ ಕ್ಯಾಂಪ್‌ಬೆಲ್, ಗಾಜಿನ ಪೆಟ್ಟಿಗೆಯೊಳಗೆ ಧಾರಾಳವಾಗಿ ಬಿಡುತ್ತಿದ್ದ ಆಮ್ಲಜನಕದತ್ತ ಬೆರಳು ತೋರಿದಳು. ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಆರ್ನಲ್ ಪಾಟ್ಜ್ ಕೆಲವು ಕೂಸುಗಳಿಗೆ ಆಮ್ಲಜನಕ ತಗ್ಗಿಸಿ ಪರೀಕ್ಷೆ ನಡೆಸುತ್ತಿದ್ದ. ರಾತ್ರಿ ಪಾಳಿಯ ಕೆಲವು ದಾದಿಯರಿಗೆ ಮನಸ್ಸು ತಡೆಯದೆ, ಪಾಪ ಕೂಸು ಉಸಿರಿಗೆ ಒದ್ದಾಡುತ್ತದಲ್ಲ ಎಂದು ಗುಟ್ಟಾಗಿ ತಿರುಪು ತಿರುಗಿಸಿ ಆಮ್ಲಜನಕ ಏರಿಸಿಬಿಡುತ್ತಿದ್ದರಂತೆ! 18 ಆಸ್ಪತ್ರೆಗಳು ಸೇರಿ ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 1954ರಲ್ಲಿ ಬಂದಾಗ ಅನುಮಾನ ಉಳಿಯಲಿಲ್ಲ. ಅತಿಯಾದ ಆಮ್ಲಜನಕ ನಾಲೆಯ ಕೆಲಸವನ್ನು ನಿಲ್ಲಿಸುತ್ತಿತ್ತು.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಎಲ್ಲೆಡೆ ಆಮ್ಲಜನಕ ಬಿಗಿಹಿಡಿದರು. ಕುರುಡು ಇಳಿಯಿತು, ಸಾವು ಏರಿತು. ಕುರುಡಿನಿಂದ ಪಾರಾದ ಒಂದೊಂದು ಮಗುವಿಗೆ ಪ್ರತಿಯಾಗಿ ಸುಮಾರು 16 ಮಕ್ಕಳು ಸತ್ತಿರಬಹುದೆಂದು 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಅಂದಾಜು ಮಾಡಿದ. ಈ ಜಗ್ಗಾಟ ಇನ್ನೂ ಪೂರ್ತಿ ಮುಗಿದಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲೂ ರಕ್ತದ ಆಮ್ಲಜನಕದ ಮಟ್ಟವನ್ನು ಕೆಳಗಿಟ್ಟ ಗುಂಪಿನಲ್ಲಿ ಕಣ್ಣಿನ ರೋಗ ಕಡಿಮೆ, ಸಾವು ಹೆಚ್ಚು.

ಆಮ್ಲಜನಕವನ್ನು ಎಷ್ಟೇ ಹುಷಾರಾಗಿ ಅಳೆದು ಕೊಟ್ಟರೂ ತೀರ ಸಣ್ಣ ಕೂಸುಗಳಲ್ಲಿ ರೋಗ ಬರುತ್ತಲೇ ಇತ್ತು. ಅಂದರೆ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ. ಅದು ಸಿಕ್ಕಿದ್ದು ಸ್ವೀಡನ್ನಿನ ಗೋಥೆನ್‌ಬರ್ಗಿನ ಆನ್ ಹೆಲ್‌ಸ್ಟ್ರೋಮ್ ಮತ್ತು ಬಾಸ್ಟನ್ನಿನ ಲೋಯಿಸ್ ಸ್ಮಿತ್ ಎಂಬ ಇಬ್ಬರು ಮಹಿಳೆಯರಿಗೆ. ಶಿಶುವಿನ ದೇಹದಲ್ಲಿ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನೊಂದಿದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಅದು ಏರುತ್ತಾ ಹೋಗುತ್ತದೆ. ಅವಧಿಗೆ ಮುನ್ನ ಹುಟ್ಟಿ ಮಾಸಿನ ನಂಟು ಕಡಿದ ತಕ್ಷಣ ಕುಸಿಯುತ್ತದೆ. ಅದಿಲ್ಲದೆ ವಿಇಜಿಎಫ್ ಎಷ್ಟೇ ಕೂಗಿದರೂ ನಾಳಗಳು ಸರಿಯಾಗಿ ಬೆಳೆಯಲಾರವು. ಯಾವ ಕೂಸಿನಲ್ಲಿ ಐಜಿಎಫ್-1 ಬಹಳ ದಿನ ತಗ್ಗಿಯೇ ಇತ್ತೋ ಆ ಕೂಸಿನ ಕಣ್ಣಿಗೇ ಅಪಾಯ ಹೆಚ್ಚು ಎಂದು 2001ರಲ್ಲಿ ಅವರು ತೋರಿಸಿದರು. ಈ ಹಾರ್ಮೋನು ಮತ್ತೆ ಏರಬೇಕಾದರೆ ಕೂಸಿನ ದೇಹಕ್ಕೆ ಸಾಕಷ್ಟು ಆಹಾರ ಸೇರಬೇಕು.

ಆಹಾರ ಒಳಗೆ ಸೇರಿ ಮೈಗೆ ಹತ್ತುತ್ತಿದೆಯೇ ಎಂದು ಹೇಳುವ ಯಂತ್ರ ಯಾವುದು? ತಕ್ಕಡಿ! ಹುಟ್ಟಿದ ಮೊದಲ ವಾರಗಳಲ್ಲಿ ಕೂಸಿನ ತೂಕ ಹೇಗೆ ಏರುತ್ತದೆ ಎಂಬುದೊಂದನ್ನೇ ವಾರವಾರ ಬರೆದಿಟ್ಟು, ಯಾವ ಕೂಸಿನ ಕಣ್ಣು ಕೆಡಬಹುದೆಂದು ಮೊದಲೇ ಊಹಿಸುವ ಲೆಕ್ಕಾಚಾರವನ್ನು ಹೆಲ್‌ಸ್ಟ್ರೋಮ್ ತಂಡ ರೂಪಿಸಿತು. ಅದರ ಹೆಸರು ವಿನ್‌ರಾಪ್. ಸ್ವೀಡನ್ನಿನಲ್ಲಿ ಅದು ಚೆನ್ನಾಗಿ ಫಲಿಸಿತು. ಬೇರೆ ಕೆಲವು ದೇಶಗಳಲ್ಲಿ ಮಾತ್ರ ರೋಗ ಬಂದ ಕೆಲವು ಮಕ್ಕಳು ಅದರ ಜಾಲದಿಂದ ನುಸುಳಿಹೋದವು. ಆದ್ದರಿಂದ ತೂಕ ಚೆನ್ನಾಗಿ ಏರುತ್ತಿದೆ, ಕಣ್ಣು ನೋಡಿಸುವುದು ಬೇಡ ಎನ್ನುವಂತಿಲ್ಲ. ತೂಕ ಏರದಿದ್ದರೆ ಕಣ್ಣಿಗೂ ಅಪಾಯ ಹೆಚ್ಚು ಎನ್ನಬಹುದು, ಅಷ್ಟೆ.

ಇನ್ನು ಕೊಬ್ಬಿನ ಮಾತು. ಅಕ್ಷಿಪಟಲವನ್ನೂ ಮಿದುಳನ್ನೂ ಕಟ್ಟಲು ಬೇಕಾದ ಎರಡು ವಿಶೇಷ ಕೊಬ್ಬಿನಾಮ್ಲಗಳಿವೆ. ಒಂದು ಡಿಎಚ್‌ಎ, ಇನ್ನೊಂದು ಅರಾಕಿಡೋನಿಕ್ ಆಮ್ಲ. ಇವನ್ನು ಕೊನೆಯ ಮೂರು ತಿಂಗಳಲ್ಲಿ ಮಾಸು ತಾಯಿಯ ರಕ್ತದಿಂದ ಆಯ್ದು ಕೂಸಿಗೆ ದಾಟಿಸುತ್ತದೆ. ಬೇಗ ಹುಟ್ಟಿದ ಕೂಸಿಗೆ ಆ ಪಾಲು ತಪ್ಪಿತು. ಹಾಗಾದರೆ ಹೊರಗಿನಿಂದ ಕೊಟ್ಟರೆ? ಸ್ವೀಡನ್ನಿನ ಮೂರು ಆಸ್ಪತ್ರೆಗಳಲ್ಲಿ 28 ವಾರ ತುಂಬದೆ ಹುಟ್ಟಿದ 206 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಹುಟ್ಟಿದ ಮೂರು ದಿನದೊಳಗೆ ಶುರುಮಾಡಿ 40 ವಾರ ತುಂಬುವವರೆಗೆ ಈ ಎರಡೂ ಇದ್ದ ಎಣ್ಣೆಯನ್ನು ಕೊಟ್ಟ ಗುಂಪಿನಲ್ಲಿ ತೀವ್ರ ಆರ್‌ಓಪಿ ನೂರಕ್ಕೆ 16ರಷ್ಟು, ಕೊಡದ ಗುಂಪಿನಲ್ಲಿ ನೂರಕ್ಕೆ 33. ಅರ್ಧಕ್ಕರ್ಧ!

ಇದನ್ನು ಓದಿದ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ಅದು ತೀರ ಸಣ್ಣ ಕೂಸುಗಳಿಗೆ, ಆಸ್ಪತ್ರೆಯೊಳಗೆ, ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟ ಮಿಶ್ರಣ. ಡಿಎಚ್‌ಎ ಒಂದನ್ನೇ ಕೊಟ್ಟು ಶ್ವಾಸಕೋಶ ಸುಧಾರಿಸುತ್ತದೆಯೇ ಎಂದು ನೋಡಿದ ಆಸ್ಟ್ರೇಲಿಯದ ಪರೀಕ್ಷೆಯೊಂದರಲ್ಲಿ, 2017ರಲ್ಲಿ, ಲಾಭ ಕಾಣಲಿಲ್ಲ. ಬದಲಿಗೆ ಶ್ವಾಸಕೋಶದ ತೊಂದರೆ ತುಸು ಹೆಚ್ಚಾದಂತೆಯೇ ಕಂಡಿತು. ಇದಕ್ಕಿಂತ ಕಹಿಯಾದ ನೆನಪು ವಿಟಮಿನ್ ಈ ಹೆಸರಿನದು. ಅದು ಕಣ್ಣನ್ನು ಕಾಪಾಡಬಹುದೆಂಬ ಆಸೆ 1940ರ ದಶಕದ ಕೊನೆಯಿಂದಲೂ ಇತ್ತು. 1983ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ರಕ್ತನಾಳಕ್ಕೆ ನೇರ ಚುಚ್ಚುವ ವಿಟಮಿನ್ ಈ ಬಂತು. ಸರಿಯಾದ ಪರೀಕ್ಷೆಯಿಲ್ಲದೆ ಬಂದಿತ್ತು. ಮರುವರ್ಷ ಅದನ್ನು ಹಿಂತೆಗೆಯುವಷ್ಟರಲ್ಲಿ 38 ಹಸುಗೂಸುಗಳ ಸಾವು ಅದರ ಲೆಕ್ಕಕ್ಕೆ ಸೇರಿತ್ತು. ವಿಟಮಿನ್ ಅಲ್ಲವೇ, ಕೆಡುಕೇನು ಎನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ಮನೆಯಲ್ಲಿ ಕೈಗೆಟುಕುವಂಥದ್ದು ಏನೂ ಇಲ್ಲವೇ? ಇದೆ, ಅದೂ ದುಡ್ಡಿಲ್ಲದೆ. ಹೆತ್ತ ತಾಯಿಯ ಹಾಲು. ಅವಧಿಗೆ ಮುನ್ನ ಹೆತ್ತವಳ ಮೊದಲ ವಾರಗಳ ಹಾಲಿನಲ್ಲಿ, ದಿನ ತುಂಬಿ ಹೆತ್ತವಳ ಹಾಲಿಗಿಂತ ಪ್ರೋಟೀನು ಹೆಚ್ಚು. ಪ್ರಕೃತಿ ಎಷ್ಟು ಲೆಕ್ಕಾಚಾರದ ಗೃಹಿಣಿ ನೋಡಿ! ಡಿಎಚ್‌ಎ, ಅರಾಕಿಡೋನಿಕ್ ಆಮ್ಲ ಎರಡೂ ಅದರಲ್ಲಿವೆ. ಸೋಂಕು ತಡೆಯುವ ಗುಣ ಬೇರೆ. ಸೋಂಕು ತಗುಲಿದ ಕೂಸುಗಳಲ್ಲಿ ಕಣ್ಣಿನ ರೋಗವೂ ಜಾಸ್ತಿ. ತಾಯಿಹಾಲು ಕುಡಿದ ಕೂಸುಗಳಲ್ಲಿ ತೀವ್ರ ಆರ್‌ಓಪಿ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಚೀಪಲಾರದ ಕೂಸಿಗೆ ಹಿಂಡಿ, ನಳಿಕೆಯಲ್ಲೋ ಒಳಲೆಯಲ್ಲೋ ಕೊಡಬಹುದು. ತೀರ ಸಣ್ಣವಕ್ಕೆ ಹಾಲಿಗೆ ಬೆರೆಸುವ ಪುಷ್ಟಿಪುಡಿ ಬೇಕೇ ಬೇಡವೇ ಎಂಬುದನ್ನು ಮಾತ್ರ ವೈದ್ಯರು ನಿರ್ಧರಿಸಲಿ. ತಾಯಿಯ ಹಾಲು ಸಾಲದಿದ್ದರೆ ಬೇರೆ ತಾಯಂದಿರು ಕೊಟ್ಟ ಹಾಲನ್ನು ಶುದ್ಧೀಕರಿಸಿ ಕೊಡುವ ಹಾಲಿನ ಬ್ಯಾಂಕುಗಳಿವೆ. ಏಷ್ಯದಲ್ಲೇ ಮೊದಲನೆಯದನ್ನು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಆರಂಭಿಸಿದರು.

ಇನ್ನೊಂದು, ಕೂಸನ್ನು ಬೆಚ್ಚಗಿಡುವುದು. ತಣ್ಣಗಾದ ಕೂಸು ಕುಡಿದ ಹಾಲನ್ನೆಲ್ಲ ಮೈ ಕಾಯಿಸಲು ಸುಟ್ಟುಬಿಡುತ್ತದೆ, ತೂಕಕ್ಕೆ ಏನೂ ಉಳಿಯುವುದಿಲ್ಲ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಪದ್ಧತಿ, 1978ರಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹುಟ್ಟಿಕೊಂಡ ಉಪಾಯ. ಈಗ ಶ್ರೀಮಂತ ದೇಶಗಳೂ ಅದನ್ನೇ ಮಾಡುತ್ತಿವೆ. ಅಪ್ಪನೂ ಕಟ್ಟಿಕೊಳ್ಳಬಹುದು, ಅಜ್ಜಿಯೂ!

ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ತರಕಾರಿ ನಂಜು ಎಂಬ ಪಥ್ಯ ಬಿಡಿ. ಹಾಲು ಹಿಂಡಬೇಕಾದವಳಿಗೆ ಬಾಯಾರಿಕೆ ಆದಷ್ಟೂ ನೀರು ಬೇಕು, ಹೊಟ್ಟೆ ತುಂಬ ಊಟ ಬೇಕು. ಸಬ್ಬಸಿಗೆ ಸೊಪ್ಪು, ಕೊಬ್ಬರಿ ಉಂಡೆ, ಬೇಳೆ, ಮೊಟ್ಟೆ, ತಿನ್ನುವವರಾದರೆ ಮೀನು, ಎಲ್ಲ ಇರಲಿ. ಕ್ಯಾರೆಟ್ಟೂ ಇರಲಿ, ತಪ್ಪಿಲ್ಲ. ಆದರೆ ಕ್ಯಾರೆಟ್ಟಿನ ವಿಟಮಿನ್ ಎ ತಡೆಯುವುದು ಇರುಳುಗಣ್ಣು ಎಂಬ ಬೇರೆಯೇ ರೋಗವನ್ನು; ಆರ್‌ಓಪಿಯ ಮುಂದೆ ಅದರ ಆಟ ನಡೆಯದು. ಕೂಸಿಗಂತೂ ಕ್ಯಾರೆಟ್ ರಸ, ಜೇನು, ಬಜೆ ತೇದದ್ದು, ಯಾವುದೂ ಬೇಡ. ಕಣ್ಣಿಗೆ ಹರಳೆಣ್ಣೆ, ಕಾಡಿಗೆ, ಎದೆಹಾಲು ಬಿಡುವುದೂ ಬೇಡ. ಬಾಣಂತನದ ಕತ್ತಲೆ ಕೋಣೆ ಎಳೆಗಣ್ಣಿಗೆ ಒಳ್ಳೆಯದು ಎನ್ನುವವರಿದ್ದಾರೆ. ಅದನ್ನೂ ಪರೀಕ್ಷಿಸಿಯಾಗಿದೆ. ಅಮೆರಿಕದಲ್ಲಿ ಕೂಸುಗಳಿಗೆ ಕನ್ನಡಕದಂಥ ಮರೆ ಕಟ್ಟಿ ಬೆಳಕು ತಗ್ಗಿಸಿ ನೋಡಿದರು. ಆರ್‌ಓಪಿಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ ಎಂದು 1998ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಮಾಡಿಯೂ ರೋಗ ಬರಬಹುದು. ಆಹಾರ ಅಪಾಯವನ್ನು ಇಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಬಂದದ್ದು ತಿಳಿಯಬೇಕಾದರೆ ಕಣ್ಣೊಳಗೆ ಇಣುಕಲೇಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೂವರೆ ಕಿಲೋಗಿಂತ ಸಣ್ಣ ಕೂಸುಗಳನ್ನು ಪರೀಕ್ಷಿಸಿದರೆ ಸಾಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೂಸುಗಳಿಗೂ ರೋಗ ಬರುತ್ತದೆ. ಹಾಗಾಗಿ ಭಾರತದ ನಿಯಮ ಎರಡು ಕಿಲೋಗಿಂತ ಕಡಿಮೆ ತೂಕ ಅಥವಾ 34 ವಾರಕ್ಕಿಂತ ಮುಂಚೆ ಹುಟ್ಟಿದ್ದು. ಇಂಥ ಪ್ರತಿ ಕೂಸಿಗೂ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. 28 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ ಎರಡು ಮೂರು ವಾರದಲ್ಲೇ. ಅಡ್ಡದಾರಿಯ ನಾಳಗಳು ಏಳುವ ಹೊತ್ತು ಅದು. ಆಗ ಸಿಕ್ಕರೆ ಲೇಸರ್ ಕಿರಣದಿಂದಲೋ, ವಿಇಜಿಎಫ್ ಅಡಗಿಸುವ ಚುಚ್ಚುಮದ್ದಿನಿಂದಲೋ ದೃಷ್ಟಿ ಉಳಿಸಬಹುದು. ಅಕ್ಷಿಪಟಲ ಪೂರ್ತಿ ಕಿತ್ತುಬಂದ ಮೇಲೆ ಎಂಥ ಶಸ್ತ್ರಚಿಕಿತ್ಸಕನೂ ಬಹುಮಟ್ಟಿಗೆ ಕೈಚೆಲ್ಲುತ್ತಾನೆ. ನಲವತ್ತು ದಿನದ ಹೊಸ್ತಿಲಿಗೂ ಮೂವತ್ತು ದಿನದ ಚೀಟಿಗೂ ನಡುವೆ ಇರುವುದು ಹತ್ತೇ ದಿನ, ಆದರೆ ಹೋಗಬಾರದ್ದು ಹೋಗಿಬಿಡಲು ಅಷ್ಟು ಸಾಕು.

ಈ ಮಾತು ವೈದ್ಯರಿಗೂ ಅನ್ವಯಿಸುತ್ತದೆ. ತಮಿಳುನಾಡಿನಲ್ಲಿ 1996ರಲ್ಲಿ ದಿನ ತುಂಬದೆ ಹುಟ್ಟಿದ ಹೆಣ್ಣುಮಗುವಿನ ತಂದೆತಾಯಿಗೆ ಕಣ್ಣಿನ ಪರೀಕ್ಷೆಯ ವಿಷಯವನ್ನು ಯಾರೂ ಹೇಳಿರಲಿಲ್ಲ. ಮಗು ಕುರುಡಾಯಿತು. ಸುಪ್ರೀಂ ಕೋರ್ಟು 2015ರಲ್ಲಿ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಆ ಮಗುವಿಗೆ ಹದಿನೆಂಟು ವರ್ಷ ತುಂಬಿತ್ತು.

ಕಣ್ಣಿನ ತಜ್ಞರು ಬೆಂಗಳೂರಿನಲ್ಲಲ್ಲವೇ ಇರುವುದು, ಅಲ್ಲಿಗೆ ಒಯ್ಯುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಕರ್ನಾಟಕದಲ್ಲೇ ಒಂದು ದಾರಿ ಹುಡುಕಿದ್ದಾರೆ ಎಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುಮಾಡಿದರು. ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಚಿತ್ರ ಇಂಟರ್‌ನೆಟ್ ಮೂಲಕ ಬೆಂಗಳೂರಿಗೆ ಹೋಗುತ್ತದೆ, ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಹಸುಗೂಸುಗಳ ವಿಭಾಗದಲ್ಲಿ ಕೇಳಿದರೆ ನಿಮ್ಮ ಸೀಮೆಯಲ್ಲಿ ಕಣ್ಣಿನ ಪರೀಕ್ಷೆ ಎಲ್ಲಿ, ಯಾವ ವಾರ ನಡೆಯುತ್ತದೆ ಎಂದು ಹೇಳುತ್ತಾರೆ. ಪರೀಕ್ಷೆಗೆ ಮೊದಲು ಕಣ್ಣಿನ ಪಾಪೆ ಅಗಲಿಸುವ ಹನಿ ಹಾಕುತ್ತಾರೆ. ಕೂಸು ಅಳುತ್ತದೆ, ನೋಡುವವರ ಕರುಳು ಚುರುಕ್ಕೆನ್ನುತ್ತದೆ, ನಿಜ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಕುಡಿಸದೆ, ಒಂದು ಗಂಟೆ ಮೊದಲೇ ಹಾಲು ಕೊಟ್ಟಿದ್ದರೆ ವಾಂತಿಯ ಭಯವಿಲ್ಲ. ಒಮ್ಮೆ ನೋಡಿ ಮತ್ತೆ ಬನ್ನಿ ಎಂದರೆ ಮತ್ತೆ ಹೋಗಬೇಕು. ನಾಳಗಳು ಅಂಚು ಮುಟ್ಟುವವರೆಗೆ ನೋಡುತ್ತಲೇ ಇರಬೇಕಾಗುತ್ತದೆ.

ಪತ್ರ ಬರೆದ ಹುಡುಗಿ ಮೊನ್ನೆ ಸಂಜೆ ಫೋನ್ ಮಾಡಿದ್ದಳು. 28ನೇ ದಿನ ಹೋಗಿ ಬಂದರಂತೆ. ಅಜ್ಜಿ ಮೊದಲು ಗೊಣಗಿ, ಆಮೇಲೆ ತಾವೇ ಕೂಸನ್ನು ಸೀರೆಯ ಸೆರಗಿನೊಳಗೆ ಎದೆಗವುಚಿಕೊಂಡು ಬಸ್ಸು ಹತ್ತಿದರಂತೆ. ಕಣ್ಣಿನಲ್ಲಿ ರೋಗ ಸದ್ಯಕ್ಕಿಲ್ಲ, ಆದರೆ ಕಿವಿಯ ಕಡೆಯ ಅಂಚಿಗೆ ನಾಳಗಳು ಇನ್ನೂ ಮುಟ್ಟಿಲ್ಲ, ಎರಡು ವಾರ ಬಿಟ್ಟು ಬನ್ನಿ ಎಂದಿದ್ದಾರೆ. ತೂಕ ಈಗ 1,690 ಗ್ರಾಂ.